ಕ್ರಿಸ್ಮಸ್ಸಿಗೆ ಡ್ಯೂಟಿ, ದೀಪಾವಳಿಗೆ ರಜೆ

ಮಾರೇನಹಳ್ಳಿ

ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಒಂದೇ ಒಂದು, ಅದು ನಮ್ಮದು. ಆದ್ದರಿಂದ ಡಿಸೆಂಬರ್ ಬಂತೆಂದರೆ ನಮ್ಮ ಮನೆಗೆ ನಂಬರು ಬೇಕಾಗುವುದಿಲ್ಲ. ಗ್ಯಾಸ್ ಸಿಲಿಂಡರಿನವನು, ಕೊರಿಯರಿನವನು, ಅಕ್ಕಪಕ್ಕದವರ ಮನೆಗೆ ಬರುವ ನೆಂಟರು, ಎಲ್ಲರಿಗೂ ಒಂದೇ ಗುರುತು: ‘ಸ್ಟಾರ್ ಹಾಕಿರೋ ಮನೆ ಇದೆಯಲ್ಲ, ಅದರ ಪಕ್ಕದ್ದು.’ ಒಂದು ವರ್ಷ ನಕ್ಷತ್ರ ಕಟ್ಟುವುದು ತಡವಾದಾಗ ಎದುರುಮನೆಯ ರಾಜಣ್ಣ ಗೇಟಿನ ತನಕ ಬಂದು ವಿಚಾರಿಸಿದರು.

“ಏನ್ ಮೇಷ್ಟ್ರೇ, ಇನ್ನೂ ಸ್ಟಾರ್ ಹಾಕಿಲ್ವಲ್ಲ? ಮನೇಲೆಲ್ಲ ಚೆನ್ನಾಗಿದೀರ ತಾನೇ?”

ನಮ್ಮ ಬೀದಿ ಪೂರ್ತಿ ಒಂದು ಕಾಲಕ್ಕೆ ರಾಜಣ್ಣನವರ ತಾತನ ರಾಗಿ ಹೊಲ. ಹೊಲ ಹೋದರೂ ಮೇಲ್ವಿಚಾರಣೆ ಹೋಗಿಲ್ಲ. ನನ್ನ ಹಬ್ಬಗಳ ಬಗ್ಗೆ ನನಗಿಂತ ಅವರಿಗೇ ಹೆಚ್ಚು ಕಾಳಜಿ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ನಮ್ಮ ಚರ್ಚಿನ ಸಭೆಯ ಕ್ಯಾರಲ್ ತಂಡಕ್ಕೆ ಬಹಳ ಕಾಲದಿಂದ ದಳವಾಯಿ. ಈ ಹುದ್ದೆಯಲ್ಲಿ ನಾನು ಸಲ್ಲಿಸಿದ ಸೇವೆಯನ್ನು ಇಲ್ಲಿ ವಿವರಿಸುವುದಿಲ್ಲ. ಯಾರಾದರೂ ಕೇಳಿದರೆ ಹೇಳೋಣವೆಂದು ಕಾಯುತ್ತಿದ್ದೇನೆ. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಟೆಂಪೋ ತುಂಬ ಹಾಡುಗಾರರನ್ನು ಹೇರಿಕೊಂಡು ಶ್ರೀಗಂಧದ ಕಾವಲಿನಿಂದ ಜ್ಞಾನಭಾರತಿಯ ಬಡಾವಣೆಗಳ ತನಕ ನಾವು ಸುತ್ತುತ್ತೇವೆ. ನಮ್ಮಲ್ಲೊಂದು ಶಾಸನವಿದೆ. ನಕ್ಷತ್ರ ಕಂಡ ಮನೆ ನಮ್ಮವರ ಮನೆ. ಗಂಟೆ ಒತ್ತು, ಬಾಗಿಲು ತೆರೆದ ಕೂಡಲೇ ಹಾಡು, ಹಾಡಾದ ಮೇಲೆ ಆ ಮನೆಗಾಗಿ ಪ್ರಾರ್ಥನೆ, ಪ್ರಾರ್ಥನೆಯಾದ ಮೇಲೆ ತಿಂಡಿ. ಕ್ರಮ ತಪ್ಪಬಾರದು. ಈ ಶಾಸನ ಕಡಲಾಚೆ ಜಾರಿಯಲ್ಲಿಲ್ಲವೆಂದು ನನಗೆ ತಿಳಿದದ್ದು ಸ್ವಲ್ಪ ತಡವಾಗಿ.

ನಾವು ಕಡಲು ದಾಟಿದ್ದು ನನ್ನ ತಂಗಿಗಾಗಿ. ಪ್ರಮೀಳಾ, ಮನೆಯಲ್ಲಿ ಪಮ್ಮಿ, ಸ್ವೀಡನ್ ದೇಶದ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸು. ಚಿಕ್ಕಂದಿನಲ್ಲಿ ಕ್ರಿಸ್ಮಸ್ ಬೆಳಗಿನ ಆರಾಧನೆಗೆ ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು, ತಣ್ಣೀರಲ್ಲೇ ಸ್ನಾನ ಮಾಡಿ, ಉಳಿದವರ ಹೊದಿಕೆ ಎಳೆಯುತ್ತಿದ್ದವಳು ಅವಳು. ಅಲ್ಲಿಗೆ ಹೋದ ಮೇಲೆ ಒಂದು ವರ್ಷವೂ ಆ ಆರಾಧನೆಗೆ ಹೋಗಿಲ್ಲ. ಪ್ರತಿ ಸಲ ಫೋನಿನಲ್ಲಿ ಒಂದೇ ಉತ್ತರ: “ಡ್ಯೂಟಿ ಅಣ್ಣ.” ಕಳೆದ ವರ್ಷ ಮಾತ್ರ ಬೇರೆ ಒಂದು ಮಾತು ಸೇರಿಸಿದಳು: “ಅಭ್ಯಾಸ ಆಗೋಯ್ತು ಬಿಡು.”

ನನ್ನ ಹೆಂಡತಿ ಸುಶೀಲಾಗೆ ಆ ‘ಅಭ್ಯಾಸ’ ಸರಿಕಾಣಲಿಲ್ಲ. “ರೀ, ನಾವೇ ಹೋಗಿ ಕರ್ಕೊಂಡು ಹೋಗೋಣ ಚರ್ಚಿಗೆ. ಅಷ್ಟು ದೂರದಿಂದ ಅಣ್ಣ ಅತ್ತಿಗೆ ಬಂದವ್ರೆ ಅಂದ್ರೆ ಒಂದು ಬೆಳಗ್ಗೆ ಬಿಡದೇ ಇರ್ತಾರಾ?”

ರಾಜಣ್ಣ ಇದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರು. “ಕ್ರಿಶ್ಚಿಯನ್ನರ ದೇಶಕ್ಕೇ ಹೋಗ್ತಿದೀರಾ ಮೇಷ್ಟ್ರೇ, ರಜೆ ಕೇಳೋದೇ ಬೇಡ, ಅವರೇ ಕೊಡ್ತಾರೆ. ಅದಿರಲಿ, ನಮ್ಮ ಪಾಲಿನ ಕರ್ಜಿಕಾಯಿ ಕತೆ ಏನು?”

ಸುಶೀಲಾ ಎರಡು ಡಬ್ಬಿ ಕರ್ಜಿಕಾಯಿ ಕರಿದಳು. ಒಂದು ಬೀದಿಗೆ, ಒಂದು ಸ್ವೀಡನ್ನಿಗೆ.

ರೈಲು

ವಿಮಾನದ ವಿಷಯ ಬರೆಯುವಂಥದ್ದೇನಿಲ್ಲ, ಕೂತೆವು, ಇಳಿದೆವು. ರಾಜಧಾನಿಯಿಂದ ಪಮ್ಮಿಯ ಊರಿಗೆ ರೈಲು. ಮಧ್ಯಾಹ್ನದ ಕಾಫಿಯ ಹೊತ್ತಿಗೇ ಅಲ್ಲಿ ಸೂರ್ಯ ಅಂಗಡಿ ಮುಚ್ಚಿಬಿಡುತ್ತಾನೆ. ಕತ್ತಲಲ್ಲಿ ಊರುಗಳು ಹಾದುಹೋಗುತ್ತಿದ್ದವು. ಆಗ ನೋಡಿದೆವು: ಪ್ರತಿ ಮನೆಯ ಪ್ರತಿ ಕಿಟಕಿಯಲ್ಲೂ ನಕ್ಷತ್ರ! ಬಿಳಿ, ಕೆಂಪು, ಹಳದಿ. ಅಂಗಡಿಯಲ್ಲೂ ನಕ್ಷತ್ರ, ಕ್ಷೌರದಂಗಡಿಯಲ್ಲೂ ನಕ್ಷತ್ರ.

“ಒಂದ್ ಮನೇನೂ ಬಿಟ್ಟಿಲ್ಲ ನೋಡ್ರೀ!” ಎಂದಳು ಸುಶೀಲಾ.

ನನ್ನ ಎದೆ ತುಂಬಿಬಂತು. ನಮ್ಮ ಟೆಂಪೋ ಇಲ್ಲಿಗೆ ಬಂದರೆ ಡಿಸೆಂಬರ್ ಪೂರ್ತಿ ಹಾಡಿದರೂ ಒಂದು ಬೀದಿ ಮುಗಿಯದು. ತಿಂಡಿಯ ವಿಷಯ ನೆನೆಯುವುದೇ ಬೇಡ. ಊರಿಗೆ ಮರಳಿದ ಮೇಲೆ ಸಭೆಯಲ್ಲಿ ಈ ಜನರ ಭಕ್ತಿಯ ಕುರಿತು ಮಾಡಬೇಕಾದ ಭಾಷಣವನ್ನು ಮನಸ್ಸಿನಲ್ಲೇ ಸಿದ್ಧಪಡಿಸಿದೆ. ಅದಕ್ಕೆ ಸ್ವಲ್ಪ ಸಾಮಗ್ರಿ ಬೇಕಿತ್ತು. ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಇದ್ದ ಒಬ್ಬ ಸಭ್ಯ ಗೃಹಸ್ಥನನ್ನು ಇಂಗ್ಲಿಷಿನಲ್ಲಿ ಕೇಳಿದೆ: “ತಾವು ಯಾವ ಚರ್ಚು?”

ನಾನು ಅವನ ಬನಿಯನ್ನಿನ ಅಳತೆ ಕೇಳಿದೆನೋ ಎಂಬಂತೆ ಆತ ನನ್ನನ್ನು ನೋಡಿದ. ಆಮೇಲೆ ಮೆತ್ತಗೆ, “ಚರ್ಚು ಇಲ್ಲ. ಕ್ರಿಸ್ಮಸ್ ಮಾತ್ರ” ಎಂದು ಹೇಳಿ ಇನ್ನೊಂದು ಬೋಗಿಗೆ ಹೋದ. ಭಾಷಣದಲ್ಲಿ ಇವನನ್ನು ಸೇರಿಸಕೂಡದೆಂದು ತೀರ್ಮಾನಿಸಿದೆ.

ಪಮ್ಮಿಯ ಮನೆ

ಪಮ್ಮಿಯದು ಹಳದಿ ಬಣ್ಣದ ಪುಟ್ಟ ಕಟ್ಟಡದ ಮೇಲಂತಸ್ತು. ಕಟ್ಟಡದ ಎಲ್ಲ ಕಿಟಕಿಗಳಲ್ಲೂ ನಕ್ಷತ್ರ ಉರಿಯುತ್ತಿತ್ತು, ಒಂದರ ಹೊರತು. ಅದು ಅವಳದೇ.

ಚಪ್ಪಲಿ ಬಾಗಿಲಲ್ಲೇ ಬಿಡಿಸುವ ದೇಶ ಅದು, ಆ ಮಟ್ಟಿಗೆ ನಮ್ಮವರೇ. ಒಳಗೆ ಹೋದವನು ಕೋಟನ್ನೂ ಬಿಚ್ಚದೆ ಕೇಳಿದೆ: “ಏನೇ ಇದು, ಊರಿಗೆಲ್ಲ ಇದೆ, ನಿನಗೊಂದು ಸ್ಟಾರ್ ಇಲ್ವಾ?”

“ಅಯ್ಯೋ ಅಣ್ಣ, ಇಲ್ಲಿ ಸ್ಟಾರ್ ಅಂದ್ರೆ ಚಳಿಗಾಲದ ಲೈಟು ಅಷ್ಟೇ. ಕತ್ತಲೆ ಜಾಸ್ತಿ, ಹಾಕ್ತಾರೆ. ದೇವರಿಗೂ ಅದಕ್ಕೂ ಸಂಬಂಧ ಇಲ್ಲ.”

“ಸರಿ, ನಿನಗೆ ಕತ್ತಲೆ ಆಗಲ್ವಾ?”

ಅವಳು ಉತ್ತರ ಕೊಡದೆ ಟೀ ಇಡಲು ಹೋದಳು. ಪಮ್ಮಿ ಉತ್ತರ ಕೊಡದೆ ಟೀ ಇಡಲು ಹೋದರೆ ಒಳಗೆ ಏನೋ ಇದೆಯೆಂದು ಅರ್ಥ. ಸುಶೀಲಾ ಅಡುಗೆಮನೆಗೆ ಹೋಗಿ, ಬಾಗಿಲಿಗೊರಗಿ ನಿಂತು, ಅದನ್ನು ಹೊರಗೆ ತಂದಳು.

ಸಂಗತಿ ಇಷ್ಟು. ಪಮ್ಮಿ ಕೆಲಸಕ್ಕೆ ಸೇರಿದ ಮೊದಲ ಡಿಸೆಂಬರಿನಲ್ಲಿ ಕರೀನ್ ಎಂಬಾಕೆ ಇವಳ ಬಳಿ ಬಂದಳು. ಆಶ್ರಮದಲ್ಲಿ ಯಾರಿಗೆ ಯಾವಾಗ ಡ್ಯೂಟಿ ಎಂದು ಹಂಚುವವಳು ಈ ಕರೀನ್. ಇದೇ ಕಟ್ಟಡದಲ್ಲಿ, ಪಮ್ಮಿಯ ಕೆಳಗಿನ ಮನೆಯಲ್ಲೇ ವಾಸ. ಬಹಳ ವಿನಯದಿಂದ ಹೇಳಿದಳಂತೆ: ನೀವು ಭಾರತದವರು, ಇದು ನಿಮ್ಮ ಹಬ್ಬವಲ್ಲ, ಇಪ್ಪತ್ತೈದರ ಬೆಳಗಿನ ಪಾಳಿ ನೀವು ಮಾಡಿದರೆ ಹಬ್ಬ ಮಾಡುವವರು ಮನೆಯಲ್ಲಿರಬಹುದು, ನಿಮ್ಮ ಹಬ್ಬ ಬಂದಾಗ ನಿಮಗೆ ರಜೆ ಖಂಡಿತ. ಆಗ ಪಮ್ಮಿಗೆ ಅವರ ಭಾಷೆ ಅರ್ಧ ಬರುತ್ತಿತ್ತು. ಆ ಅರ್ಧದಲ್ಲಿ ‘ಆಗಲಿ’ ಎಂಬ ಮಾತಿತ್ತು, ‘ನೀವು ತಪ್ಪು ತಿಳಿದಿದ್ದೀರಿ’ ಎಂಬುದು ಇರಲಿಲ್ಲ. ಮುಂದಿನ ವರ್ಷ ದೀಪಾವಳಿ ಯಾವತ್ತೆಂದು ಕರೀನ್ ತಾನೇ ಹುಡುಕಿ ತಿಳಿದು, ರಜೆ ಕೊಟ್ಟು, ಮೇಲೆ ಮೇಣದ ಬತ್ತಿ ಹಚ್ಚಿದ ಕೇಕನ್ನೂ ತಂದಳು.

“ನೀನು ಏನಂದೆ?” ಎಂದೆ.

“ಥ್ಯಾಂಕ್ಸ್ ಅಂದೆ.”

“ಆಮೇಲೆ?”

“ಆಮೇಲೆ ಪ್ರತಿ ವರ್ಷ.”

“ದೀಪಾವಳಿ ದಿನ ಏನ್ಮಾಡ್ತೀಯ ಹಾಗಾದ್ರೆ?”

“ಮಲಗ್ತೀನಿ ಅಣ್ಣ. ಮಧ್ಯಾಹ್ನ ಎದ್ದು ಕೇಕ್ ತಿಂತೀನಿ.”

ಸುಶೀಲಾ ನಕ್ಕಳು; ನಾನೂ ನಗಲು ಶುರುಮಾಡಿದೆ. ಪಮ್ಮಿ ನಗಲಿಲ್ಲ.

“ನಗ್ಬೇಡಿ ಅತ್ತಿಗೆ. ಈಗ ಹೋಗಿ ನಾನು ಕ್ರಿಶ್ಚಿಯನ್ ಅಂದ್ರೆ, ಇಷ್ಟು ವರ್ಷ ಸುಳ್ಳು ಹೇಳಿ ರಜೆ ತಿಂದ್ಲು ಅಂತಾರೆ. ಔಷಧಿ ಬೀರು ಬೀಗ ನನ್ನ ಕೈಲಿರೋದು. ಈ ಜನ ಒಂದ್ಸಲ ನಂಬಿದ್ರೆ ನಂಬಿದ್ರು, ಹೋಯ್ತು ಅಂದ್ರೆ ಹೋಯ್ತು. ನೀವಿಬ್ರೂ ಚರ್ಚಿಗೆ ಹೋಗಿಬನ್ನಿ, ನಾನು ಡ್ಯೂಟಿಗೆ ಹೋಗ್ತೀನಿ. ದಯವಿಟ್ಟು ಇಲ್ಲಿ ಯಾರ ಹತ್ರಾನೂ ಬಾಯಿ ಬಿಡಬೇಡಿ. ಅಣ್ಣ, ಮುಖ್ಯವಾಗಿ ನೀನು.”

ನಾನು ಮಾತು ಕೊಟ್ಟೆ. ಆ ರಾತ್ರಿ ಇದನ್ನೇ ಯೋಚಿಸಿದೆ. ಮಾರೇನಹಳ್ಳಿಯಲ್ಲಿ ನಮ್ಮ ಮತವನ್ನು ಮುಚ್ಚಿಡಬೇಕೆಂದು ನಾವೇ ಹಟ ಹಿಡಿದರೂ ರಾಜಣ್ಣ ಬಿಡುವುದಿಲ್ಲ. ಇಲ್ಲಿ, ಬೀದಿಗೆ ಬೀದಿಯೇ ಕ್ರಿಸ್ಮಸ್ ದೀಪ ಹಚ್ಚಿಕೊಂಡು ಕೂತಿರುವಾಗ, ನನ್ನ ತಂಗಿ ಅದರ ನಡುವೆ ಸದ್ದಿಲ್ಲದೆ ದೀಪಾವಳಿಯವಳಾಗಿ ಉಳಿದಿದ್ದಾಳೆ. ಇದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಬಟ್ಟೆ ಒಗೆಯುವ ಕೋಣೆ

ಆ ದೇಶದಲ್ಲಿ ದೇವರ ಹೆಸರು ಹೇಳಲು ಜನ ನಾಚುತ್ತಾರೆ. ಬಟ್ಟೆ ಒಗೆಯುವ ಸರದಿಯ ವಿಷಯದಲ್ಲಿ ಮಾತ್ರ ಪರಮ ಆಸ್ತಿಕರು. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಒಗೆಯುವ ಯಂತ್ರಗಳು. ಗೋಡೆಯ ಮೇಲೊಂದು ಹಲಗೆ. ಅದರಲ್ಲಿ ತಮ್ಮ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸುಶೀಲಾಗೆ ಈ ಧರ್ಮಶಾಸ್ತ್ರ ಗೊತ್ತಿರಲಿಲ್ಲ. ಪಮ್ಮಿ ಕೆಲಸಕ್ಕೆ ಹೋದಾಗ, ಯಂತ್ರ ಸುಮ್ಮನೆ ಕೂತಿದೆಯಲ್ಲ ಎಂದು ನನ್ನ ಪಂಚೆ, ಉಣ್ಣೆ ಬನಿಯನ್ನು, ತನ್ನ ಸೀರೆಗಳನ್ನೆಲ್ಲ ತುಂಬಿ ಗುಂಡಿ ಒತ್ತಿ ಬಂದಳು.

ಮತ್ತೆ ಹೋದಾಗ ನಮ್ಮ ಬಟ್ಟೆಗಳನ್ನು ಯಾರೋ ಹೊರತೆಗೆದು, ಒಪ್ಪವಾಗಿ ಮಡಿಸಿ, ಮೇಲೊಂದು ಚೀಟಿ ಇಟ್ಟಿದ್ದರು. ಚೀಟಿಯಲ್ಲಿ ಬೈಗುಳವಿರಲಿಲ್ಲ, ‘ಇದು ನನ್ನ ಹೊತ್ತು, ಕರೀನ್’ ಎಂದಷ್ಟೇ ಇಂಗ್ಲಿಷಿನಲ್ಲಿತ್ತು.

“ಬೈದಿದ್ರೆ ವಾಸಿಯಾಗಿತ್ತು ಕಣ್ರೀ,” ಎಂದಳು ಸುಶೀಲಾ. “ನಿಮ್ಮ ಪಂಚೆ ಮಡಿಸಿಟ್ಟವ್ಳೆ. ನನಗೆ ಮುಖ ತೋರ್ಸೋಕಾಗಲ್ಲ. ನಾಲ್ಕು ಕರ್ಜಿಕಾಯಿ ತಗೊಂಡು ಹೋಗಿ ತಪ್ಪಾಯ್ತು ಅಂತ ಹೇಳ್ಬರೋಣ ಬನ್ನಿ.”

ತಪ್ಪಿಗೆ ತಟ್ಟೆ ಹಿಡಿದು ಹೋಗುವುದು ನಮ್ಮ ಕಡೆಯ ಕ್ರಮ. ನಾನು ಮಫ್ಲರ್ ಸುತ್ತಿಕೊಂಡು ಹಿಂದೆ ಹೊರಟೆ.

ಕೆಳಗಿನ ಮನೆಯ ಬಾಗಿಲು

ಮುಂದಿನ ಘಟನೆಗೆ ನಾನು ಪೂರ್ತಿ ಹೊಣೆಗಾರನಲ್ಲ. ಕರೀನಳ ಬಾಗಿಲ ಪಕ್ಕದ ಕಿಟಕಿಯಲ್ಲಿ ಕೆಂಪು ಕಾಗದದ ನಕ್ಷತ್ರ ತೂಗುತ್ತಿತ್ತು. ಡಿಸೆಂಬರ್ ತಿಂಗಳು. ಹೆಂಡತಿಯ ಕೈಯಲ್ಲಿ ತಿಂಡಿಯ ತಟ್ಟೆ. ನನ್ನ ಬೆರಳು ಗಂಟೆಯ ಮೇಲೆ. ಬಾಗಿಲು ತೆರೆಯಿತು. ಇಷ್ಟೂ ಒಟ್ಟಿಗೆ ಕೂಡಿಬಂದರೆ ದಶಕಗಳಿಂದ ಏನಾಗುತ್ತ ಬಂದಿದೆಯೋ ಅದೇ ಆಯಿತು. ಗಂಟಲು ನನ್ನನ್ನು ಕೇಳದೆ ಹಾಡು ಎತ್ತಿಕೊಂಡಿತು. ಗೋದಲಿಯಲ್ಲಿ ಹುಟ್ಟಿದ ಯೇಸುಸ್ವಾಮಿಯ ಮೇಲಿನ ಕನ್ನಡ ಕೀರ್ತನೆ. ನಿಲ್ಲಿಸಬೇಕೆಂದು ಎರಡನೆಯ ಸಾಲಿನಲ್ಲಿ ಹೊಳೆಯಿತು. ಅಷ್ಟರಲ್ಲಿ ಸುಶೀಲಾ, ಅವಳೂ ಅದೇ ತಂಡದವಳಲ್ಲವೇ, ತನ್ನ ಸ್ವರ ಸೇರಿಸಿಬಿಟ್ಟಿದ್ದಳು. ಇಬ್ಬರು ಸೇರಿದ ಮೇಲೆ ನಡುವೆ ನಿಲ್ಲಿಸುವುದು ಕೀರ್ತನೆಗೆ ಅವಮಾನ.

ಕರೀನ್ ಉದ್ದನೆಯ, ತೆಳ್ಳನೆಯ, ಕನ್ನಡಕದ ಹೆಂಗಸು. ಕೈ ಕೆಳಗೆ ಬಿಟ್ಟು, ಅಲುಗಾಡದೆ, ಎಲ್ಲ ಚರಣಗಳನ್ನೂ ಕೇಳಿದಳು. ನಮ್ಮ ಕಡೆ ಎರಡನೆಯ ಚರಣಕ್ಕೇ ‘ಒಳಗೆ ಬನ್ನಿ, ಕಾಫಿ ಆರ್ತದೆ’ ಎನ್ನುತ್ತಾರೆ. ಇಲ್ಲಿ ಯಾರೂ ತಡೆಯದ ಕಾರಣ ಸಾಮಾನ್ಯವಾಗಿ ಬಿಟ್ಟುಬಿಡುವ ಕಡೆಯ ಚರಣವನ್ನೂ ಹಾಡಬೇಕಾಯಿತು.

“ತುಂಬ ಚೆನ್ನಾಗಿದೆ,” ಎಂದಳು ಕರೀನ್, ಇಂಗ್ಲಿಷಿನಲ್ಲಿ. “ಇದು ದೀಪಾವಳಿಯ ಹಾಡೇ?”

ನಾನು ಸುಶೀಲಾಳನ್ನು ನೋಡಿದೆ. ಸುಶೀಲಾ ಕರ್ಜಿಕಾಯಿಯನ್ನು ನೋಡಿದಳು. ಹೌದೆಂದರೆ ಸುಳ್ಳು, ಅಲ್ಲವೆಂದರೆ ತಂಗಿಗೆ ಕೊಟ್ಟ ಮಾತು ಹೋಗುತ್ತದೆ. ಆಗ ಮೆಟ್ಟಿಲ ತಿರುವಿನಲ್ಲಿ ಹೆಜ್ಜೆ ಸದ್ದು ನಿಂತದ್ದು ಕೇಳಿ ತಿರುಗಿದೆ. ಪಮ್ಮಿ ಕೆಲಸ ಮುಗಿಸಿ, ಹಾಲು ಬ್ರೆಡ್ಡಿನ ಚೀಲ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಪ್ರಮೀಳಾ,” ಎಂದಳು ಕರೀನ್, “ಇದು ಯಾವ ಹಾಡು?”

ಆ ಕಟ್ಟಡದಲ್ಲಿ ಮೆಟ್ಟಿಲ ದೀಪ ಸ್ವಲ್ಪ ಹೊತ್ತು ಉರಿದು ತಾನಾಗಿ ಆರುತ್ತದೆ. ಅದು ಆ ಗಳಿಗೆಯಲ್ಲೇ ಆರಿತು. ಕತ್ತಲಲ್ಲಿ ಪಮ್ಮಿಯ ದನಿ ಬಂತು.

“ಯೇಸು ಹುಟ್ಟಿದ ಹಾಡು. ನಮ್ಮ ಚರ್ಚಿನಲ್ಲಿ ಹಾಡುತ್ತೇವೆ. ನಾನು ಕ್ರಿಶ್ಚಿಯನ್, ಕರೀನ್. ಮೊದಲಿನಿಂದಲೂ.”

ಕರೀನ್ ತಡಕಾಡಿ ದೀಪದ ಗುಂಡಿ ಒತ್ತಿದಳು. “ಹಾಗಾದರೆ ದೀಪಾವಳಿ?”

“ನೀವು ಕೇಕ್ ತಂದಿದ್ದಿರಿ. ಬೇಡ ಅನ್ನಲು ಆಗಲಿಲ್ಲ.”

ಕರೀನ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ತಟ್ಟೆ ತೆಗೆದುಕೊಂಡು ಸುಶೀಲಾಗೆ ಥ್ಯಾಂಕ್ಸ್ ಹೇಳಿದಳು. “ನಾಳೆ ಮಾತಾಡೋಣ, ಪ್ರಮೀಳಾ” ಎಂದು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

ಮೇಲೆ ಹೋದ ಮೇಲೆ ಪಮ್ಮಿ ನನ್ನನ್ನು ಬೈಯಲಿಲ್ಲ. ಅನ್ನಕ್ಕಿಟ್ಟು ಸಾರು ಕುದಿಸಿದಳು. ಬಡಿಸಿದಳು. ಸಾರಿಗೆ ಉಪ್ಪು ಹಾಕಿರಲಿಲ್ಲ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಶ್ರಮದ ಊಟದ ಕೋಣೆ

ಮರುದಿನ ಪಮ್ಮಿ ಕೆಲಸದಿಂದ ಬಂದು ಬೂಟು ಬಿಚ್ಚುತ್ತಲೇ ವರದಿ ಒಪ್ಪಿಸಿದಳು.

“ಅವಳು ಏನಂದ್ಲು ಗೊತ್ತಾ ಅಣ್ಣ? ‘ನಾನು ಕೇಳಲಿಲ್ಲ, ನೀನು ಹೇಳಲಿಲ್ಲ, ಅರ್ಧ ಅರ್ಧ ತಪ್ಪು’ ಅಂದ್ಲು. ಬೀಗ ನನ್ನ ಹತ್ರಾನೇ ಇರ್ಲಿ ಅಂದ್ಲು.”

“ರಜೆ?”

“ಇಲ್ಲ. ಎಲ್ಲರೂ ಟಿಕೆಟ್ ಮಾಡ್ಸಿ ಊರಿಗೆ ಹೊರಟವ್ರೆ. ಈಗ ಬದಲಾಯ್ಸೋಕೆ ಯಾರೂ ಇಲ್ಲ.”

ಸುಶೀಲಾ ನಿಟ್ಟುಸಿರು ಬಿಟ್ಟಳು. ಪಮ್ಮಿ ಇನ್ನೂ ಮುಗಿಸಿರಲಿಲ್ಲ. ಚರ್ಚು ಆಶ್ರಮದ ಎದುರಿಗೇ ಇದೆ. ಅಲ್ಲಿರುವ ಹಿರಿಯರು ಅಂಗಡಿಗೆ, ಕ್ಷೌರಕ್ಕೆ ಹೋಗಬೇಕೆಂದರೆ ಕರೆದೊಯ್ಯುವುದು ಡ್ಯೂಟಿಯಲ್ಲೇ ಸೇರಿದೆ. ಚರ್ಚಿಗೆ ಹೋಗಬೇಕೆಂದರೆ? ಇದನ್ನು ಪಮ್ಮಿ ಕೇಳಿದಾಗ ಕರೀನ್ ಯೋಚಿಸಿ ಹೇಳಿದಳಂತೆ: ಯಾರಾದರೂ ಬಯಸಿದರೆ ಸರಿ, ಆದರೆ ಯಾರೂ ಬಯಸುವುದಿಲ್ಲ, ಇಂಥದ್ದನ್ನು ನಾವು ಕೇಳುವ ವಾಡಿಕೆಯೂ ಇಲ್ಲ, ಅದು ಅವರವರ ಖಾಸಗಿ ವಿಷಯ.

“ಹಾಗಾದ್ರೆ ನಾನೇ ಕೇಳ್ತೀನಿ ಅಂದೆ,” ಎಂದಳು ಪಮ್ಮಿ. ತಣ್ಣೀರಲ್ಲಿ ಸ್ನಾನ ಮಾಡುತ್ತಿದ್ದ ಹುಡುಗಿಯ ಮುಖ ಬಹಳ ವರ್ಷಗಳ ಮೇಲೆ ಕಾಣಿಸಿತು.

ಇಪ್ಪತ್ತಮೂರರ ಮಧ್ಯಾಹ್ನ ಆಶ್ರಮದಲ್ಲಿ ನೆಂಟರಿಗೂ ಸೇರಿ ತಿಂಡಿ. ಅಕ್ಕಿ ಹಾಲಿನಲ್ಲಿ ಬೇಯಿಸಿ ಚಕ್ಕೆಪುಡಿ ಉದುರಿಸಿದ ಪಾಯಸ. ಬೆಲ್ಲವಿಲ್ಲ, ಏಲಕ್ಕಿಯಿಲ್ಲ, ಆದರೂ ಪಾಯಸ. ಮೇಜಿನ ತುದಿಯಲ್ಲಿ ಗುನ್ನಾರ್ ಎಂಬ ಹಳೆಯ ರೈಲು ಡ್ರೈವರ್. ಪಕ್ಕದಲ್ಲಿ ಎಲ್ಸಾ ಎಂಬ ನಿವೃತ್ತ ಶಾಲಾ ಶಿಕ್ಷಕಿ; ವೃತ್ತಿಬಾಂಧವಳೆಂದು ನಾನು ಅವರಿಗೆ ನಮಸ್ಕರಿಸಿದೆ. ಎದುರಿಗೆ ಒಬ್ಬ ಹಲ್ಲಿನ ಡಾಕ್ಟರು, ಈಗ ಅವರಿಗೇ ಹಲ್ಲಿಲ್ಲ. ಪಮ್ಮಿ ಎದ್ದು ನಿಂತು ಲೋಟವನ್ನು ಚಮಚದಿಂದ ಬಡಿದು ಅವರ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ನಮಗೆ ಅರ್ಥ ಹೇಳಿದ್ದು: “ನಾನು ಕ್ರಿಶ್ಚಿಯನ್. ನಾಡಿದ್ದು ಬೆಳಗ್ಗೆ ಚರ್ಚಿಗೆ ಹೋಗಬೇಕೆಂಬ ಆಸೆ. ನಿಮ್ಮಲ್ಲಿ ಯಾರಾದರೂ ಬರುವುದಾದರೆ ನಾನು ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತೇನೆ. ಯಾರು ಬರುತ್ತೀರಿ?”

ಒಬ್ಬರೂ ಕೈಯೆತ್ತಲಿಲ್ಲ. ಗುನ್ನಾರ್ ಪಾಯಸದೊಳಗೆ ರೈಲು ಹಳಿ ಹುಡುಕುವವರಂತೆ ಬಗ್ಗಿದರು. ಎಲ್ಸಾ ಚಕ್ಕೆಪುಡಿ ಕೇಳಿದರು. ಹಲ್ಲಿನ ಡಾಕ್ಟರು ಕಿಟಕಿಯಾಚೆ ನೋಡಿದರು. ಹೊರಗೆ ಕತ್ತಲು, ನೋಡಲು ಏನೂ ಇರಲಿಲ್ಲ. ಮಾರೇನಹಳ್ಳಿಯಲ್ಲಿ ‘ಯಾರ್ಯಾರು ಬರ್ತೀರಿ’ ಎಂದು ಕೂಗಿದರೆ ಎಲ್ಲಿಗೆಂದು ಕೇಳುವ ಮೊದಲೇ ಟೆಂಪೋ ತುಂಬಿಹೋಗುತ್ತದೆ.

ಪಮ್ಮಿ ಕೂತಳು. ಅವಳ ಕಿವಿ ಕೆಂಪಾಗಿತ್ತು. ಬಾಗಿಲ ಬಳಿ ನಿಂತಿದ್ದ ಕರೀನ್ ನೆಲ ನೋಡುತ್ತಿದ್ದಳು.

ಇಪ್ಪತ್ತನಾಲ್ಕು

ಅವರ ನಿಜವಾದ ಹಬ್ಬ ಇಪ್ಪತ್ತನಾಲ್ಕರ ಮಧ್ಯಾಹ್ನ. ಮೂರು ಗಂಟೆಗೆ ಇಡೀ ದೇಶ ಟೀವಿ ಮುಂದೆ ಕೂತು ಪ್ರತಿ ವರ್ಷವೂ ಅದದೇ ಹಳೆಯ ಕಾರ್ಟೂನನ್ನು ನೋಡುತ್ತದೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಬಳಿಕ ಹಂದಿಮಾಂಸದ ಊಟ, ಬಳಿಕ ಉಡುಗೊರೆ. ಮನೆಮಂದಿಯೆಲ್ಲ ಒಂದೆಡೆ ಸೇರಿ ನಕ್ಕು ತಿಂದು ಮಲಗುತ್ತಾರೆ. ಅದರಲ್ಲಿ ದೋಷ ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಹುಟ್ಟಿದವನ ಹೆಸರೊಂದನ್ನು ಬಿಟ್ಟು ಹುಟ್ಟುಹಬ್ಬದ ಸಕಲ ಏರ್ಪಾಡೂ ಅಲ್ಲಿತ್ತು.

ಪಮ್ಮಿ ಆ ಮಧ್ಯಾಹ್ನದ ಪಾಳಿಗೆ ಹೋಗಿದ್ದಳು. ನಾವಿಬ್ಬರೂ ಅವಳ ಟೀವಿ ಮುಂದೆ ಕೂತು, ಮಾತು ಅರ್ಥವಾಗದೆ, ಎಲ್ಲರೂ ನಗುತ್ತಿರಬಹುದಾದ ಕಡೆ ನಗುತ್ತಿದ್ದೆವು. ಆಗ ರಾಜಣ್ಣನ ಫೋನು.

“ಜೋರಾ ಮೇಷ್ಟ್ರೇ ಅಲ್ಲಿ? ನಿಮ್ಮ ಮೆಟ್ಟಿಲ ಕೆಳಗಿದ್ದ ಸ್ಟಾರ್ ತೆಗ್ದು ನಾನೇ ಗೇಟಿಗೆ ಕಟ್ಸಿದೀನಿ. ಇಲ್ಲಾಂದ್ರೆ ಕೊರಿಯರ್‌ನೋನು ಮನೆ ಸಿಗ್ಲಿಲ್ಲ ಅಂತ ನನ್ ತಲೆ ತಿಂತಾನೆ. ತಂಗಿಗೆ ರಜೆ ಕೊಟ್ರಾ?”

“ಇಲ್ಲ ರಾಜಣ್ಣ.”

“ಕ್ರಿಸ್ಮಸ್ಸಿಗೇ ರಜೆ ಇಲ್ವಾ! ಎಂಥಾ ಕ್ರಿಶ್ಚಿಯನ್ನರ ದೇಶ ರೀ ಅದು?” ಎಂದು ಅವರು ಸ್ವೀಡನ್ನಿನ ಮೇಲಿಟ್ಟಿದ್ದ ವಿಶ್ವಾಸವನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಂಡರು.

ಸಂಜೆ ಪಮ್ಮಿ ಬಂದಳು. ಬಾಗಿಲಲ್ಲೇ ನಿಂತಳು. ಬೂಟು ಬಿಚ್ಚುವುದನ್ನು ಮರೆತು ಒಳಗೇ ಬಂದುಬಿಟ್ಟಳು.

“ಅಣ್ಣ, ಗುನ್ನಾರ್ ಕರೆದ್ರು. ಬಾಗಿಲು ಹಾಕು ಅಂದ್ರು. ಏನೋ ನೋವು ಅಂದ್ಕೊಂಡೆ. ‘ನಾನು ಬರ್ತೀನಿ ನಾಳೆ, ಬೇರೆಯವರಿಗೆ ಹೇಳ್ಬೇಡ’ ಅಂದ್ರು!”

“ಅಯ್ಯೋ ದೇವರೇ,” ಎಂದಳು ಸುಶೀಲಾ.

“ಇರಿ ಅತ್ತಿಗೆ. ಎಲ್ಸಾಗೆ ತಲೆ ಬಾಚ್ತಾ ಇದ್ದೆ. ಕಿವಿ ಹತ್ರ ಎಳ್ಕೊಂಡು, ‘ನನ್ನ ನೀಲಿ ಕೋಟು ತೆಗೆದಿಡು, ಗುನ್ನಾರ್‌ಗೆ ಗೊತ್ತಾಗ್ಬಾರ್ದು, ನಗ್ತಾನೆ’ ಅಂದ್ರು. ಆಮೇಲೆ ಮಾತ್ರೆ ಕೊಡೋಕೆ ಹೋದ್ರೆ ಆ ಡಾಕ್ಟ್ರು. ‘ಬರೀ ಸಂಗೀತಕ್ಕೋಸ್ಕರ’ ಅಂತೆ! ಮೂರು ಕುರ್ಚಿ ಅಣ್ಣ, ನಾನೊಬ್ಬಳು. ಒಬ್ಬರಿಗೆ ಗೊತ್ತಾಗದಂಗೆ ಇನ್ನೊಬ್ಬರನ್ನ ಹೆಂಗೆ ಕರ್ಕೊಂಡು ಹೋಗ್ಲಿ?”

“ಹೆಂಗೂ ಇಲ್ಲ,” ಎಂದಳು ಸುಶೀಲಾ. “ಒಟ್ಟಿಗೇ ಹೋಗೋದು. ಎರಡು ಕುರ್ಚಿ ನಮಗೆ ಬಿಡು.”

ಇಪ್ಪತ್ತೈದರ ಬೆಳಗು

ಇನ್ನೂ ಕತ್ತಲಿರುವಾಗಲೇ ಆಶ್ರಮಕ್ಕೆ ಹೋದೆವು. ಪಮ್ಮಿ ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಕೋಟಿನ ಮೇಲೆ ಆಶ್ರಮದ ಗುರುತಿನ ಬಿಲ್ಲೆ ಹಾಕಿದ್ದಳು, ಡ್ಯೂಟಿ ಡ್ಯೂಟಿಯೇ. ರಾತ್ರಿ ಪಾಳಿಯವರು ಉಳಿದವರನ್ನು ನೋಡಿಕೊಳ್ಳಲು ಒಪ್ಪಿದ್ದರು. ನಾವು ಮೂವರೂ ಮೂರು ಕೋಣೆಗಳಿಂದ ಮೂರು ಗಾಲಿಕುರ್ಚಿ ತಳ್ಳಿಕೊಂಡು ಲಿಫ್ಟಿನ ಮುಂದೆ ಸೇರಿದೆವು.

ಗುನ್ನಾರ್ ಎಲ್ಸಾಳನ್ನು ನೋಡಿದರು. ಎಲ್ಸಾ ಡಾಕ್ಟರನ್ನು ನೋಡಿದರು. ಬಹಳ ವರ್ಷಗಳಿಂದ ಒಂದೇ ಮೇಜಿನಲ್ಲಿ ಉಣ್ಣುವ ಜನ. ಗುನ್ನಾರ್ ಒಂದು ಶಬ್ದ ಹೇಳಿದರು. ಅದಕ್ಕೆ ಪಮ್ಮಿಯ ಅನುವಾದ ಬೇಕಾಗಲಿಲ್ಲ. ‘ನೀನೂನಾ?’ ಎಂಬುದು ಎಲ್ಲ ಭಾಷೆಯಲ್ಲೂ ಒಂದೇ ಮುಖ ಮಾಡಿಕೊಂಡಿರುತ್ತದೆ. ಎಲ್ಸಾ ನೀಲಿ ಕೋಟಿನ ಕಾಲರು ಸರಿಮಾಡಿಕೊಂಡು ಉತ್ತರ ಕೊಟ್ಟರು. ಅದನ್ನು ಪಮ್ಮಿ ಹೇಳಿದಳು: “ಸುಮ್ಮನೆ ಮುಂದೆ ನೋಡು ಅಂತಿದಾರೆ.”

ಕೆಳಗೆ ಬಾಗಿಲಲ್ಲಿ ಟೋಪಿ ಕೈಗವಸು ಹಾಕಿಕೊಂಡು ಕರೀನ್ ನಿಂತಿದ್ದಳು. ಅವಳಿಗೆ ಅದು ರಜೆಯ ದಿನ. ನಮ್ಮತ್ತ ನೋಡದೆ ಗಾಲಿಗಳನ್ನು ಪರೀಕ್ಷಿಸಿದಳು.

“ನಾನು ಏನನ್ನೂ ನಂಬುವುದಿಲ್ಲ,” ಎಂದಳು ಇಂಗ್ಲಿಷಿನಲ್ಲಿ, ನನಗೇ ಹೇಳುವಂತೆ. “ಅಂಗಳದಲ್ಲಿ ಇಳಿಜಾರಿದೆ, ಹಿಮ ಗಟ್ಟಿಯಾಗಿದೆ. ಬ್ರೇಕ್ ಹಿಡಿಯಲು ಬಂದಿದ್ದೇನೆ.”

ಅದು ಸುಳ್ಳಲ್ಲವೆಂದು ಬೇಗ ತಿಳಿಯಿತು. ಹಲ್ಲಿನ ಡಾಕ್ಟರ ಕುರ್ಚಿ ನನ್ನ ಪಾಲಿಗೆ ಬಂದಿತ್ತು. ಇಳಿಜಾರಿನಲ್ಲಿ ನನ್ನ ಬಾಟಾ ಬೂಟು ಹಿಮದ ಮೇಲೆ ಸ್ವತಂತ್ರವಾಯಿತು. ನಾನು ಕುರ್ಚಿಯನ್ನು ತಳ್ಳುತ್ತಿದ್ದೆನೋ ಕುರ್ಚಿ ನನ್ನನ್ನು ಎಳೆಯುತ್ತಿತ್ತೋ ನಿರ್ಣಯಿಸುವ ಹೊತ್ತಿಗೆ ಕರೀನ್ ಹಿಂದಿನಿಂದ ನನ್ನ ಕೋಟಿನ ಬೆಲ್ಟನ್ನೂ ಕುರ್ಚಿಯ ಹಿಡಿಯನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿದಳು. ಡಾಕ್ಟರು ತಿರುಗಿ ನೋಡಿ ಹಲ್ಲಿಲ್ಲದ ಬಾಯಲ್ಲಿ ಬಹಳ ನಕ್ಕರು. ಅವರು ಬಂದದ್ದು ಬರೀ ಸಂಗೀತಕ್ಕಾದರೂ ಕೇಳಿದ್ದಕ್ಕಿಂತ ಹೆಚ್ಚೇ ದೊರಕಿತು.

ನಮ್ಮ ಊರಿನ ಕ್ರಿಸ್ಮಸ್ ಬೆಳಗಿಗೆ ಮಲ್ಲಿಗೆಯ, ಹೊಸ ಬಟ್ಟೆಯ, ಬೀರುವಿನ ನುಸಿಗುಳಿಗೆಯ ವಾಸನೆ, ಕೂಸುಗಳ ಅಳು, ಜಾಗ ಹಿಡಿಯಲು ಬೆಂಚಿನ ಮೇಲಿಟ್ಟ ಕರವಸ್ತ್ರಗಳು. ಇಲ್ಲಿ ಒದ್ದೆ ಉಣ್ಣೆಯ ವಾಸನೆ, ಮೇಣದ ಬತ್ತಿ, ಬೇಕಾದಷ್ಟು ಜಾಗ. ಅಲ್ಲಲ್ಲಿ ಒಬ್ಬೊಬ್ಬರು ಕೂತಿದ್ದರು, ಅರ್ಧ ಜನ ನಮ್ಮ ಹಾಗೆ ಬೇರೆ ದೇಶದವರೇ. ಪಾದ್ರಿ ಒಬ್ಬ ಯುವತಿ. ಸಾಲಾಗಿ ಒಳಬಂದ ಮೂರು ಕುರ್ಚಿಗಳನ್ನು ಕಂಡು ಆಕೆ ಪುಸ್ತಕ ಮುಚ್ಚಿ ಇಳಿದು ಬಂದು, ಮುಂದಿನ ಬೆಂಚನ್ನು ತಾನೇ ಪಕ್ಕಕ್ಕೆ ಎಳೆದಳು.

ಮೊದಲ ಹಾಡಿನ ರಾಗ ನಮಗೆ ಗೊತ್ತಿದ್ದದ್ದೇ. ಅವರು ಅವರ ಭಾಷೆಯಲ್ಲಿ ಹಾಡಿದರು, ನಾನೂ ಸುಶೀಲಾಳೂ ಕನ್ನಡದಲ್ಲಿ. ಗುನ್ನಾರ್ ಪುಸ್ತಕ ತೆರೆಯಲಿಲ್ಲ. ಅವರಿಗೆ ಪ್ರತಿ ಸಾಲೂ ಬಾಯಿಪಾಠವಾಗಿತ್ತು. ಎಲ್ಸಾ ತುಟಿ ಮಾತ್ರ ಆಡಿಸಿದರು. ಪಮ್ಮಿಯನ್ನು ನೋಡಬಾರದೆಂದುಕೊಂಡೇ ನೋಡಿದೆ. ಒಂದು ಸಾಲು ಕನ್ನಡ, ಒಂದು ಸಾಲು ಅವರ ಭಾಷೆ, ನಡುವೆ ಮೂಗೊರೆಸಿಕೊಳ್ಳುವುದು. ಹೀಗೆ ಕಡೆಯ ತನಕ ಹಾಡಿದಳು. ಕರೀನ್ ಹಿಂದಿನ ಕಂಬದ ಬಳಿ ನಿಂತೇ ಇದ್ದಳು, ಕೂರಲಿಲ್ಲ, ಹೋಗಲೂ ಇಲ್ಲ.

ಹೊರಗೆ ಬಂದಾಗ ಬೆಳಕು ಹರಿಯುವ ಲಕ್ಷಣ ಸ್ವಲ್ಪ ಕಾಣಿಸುತ್ತಿತ್ತು. ಪಮ್ಮಿ ಹಿರಿಯರ ಕಾಲಿಗೆ ಕಂಬಳಿ ಸುತ್ತುತ್ತಿದ್ದಳು. ಗುನ್ನಾರ್ ಗಂಟಲು ಸರಿಮಾಡಿಕೊಂಡು, ಈ ಸಲ ಎಲ್ಲರಿಗೂ ಕೇಳುವಂತೆ, ಏನೋ ಕೇಳಿದರು. ಎಲ್ಸಾಳೂ ಡಾಕ್ಟರೂ ಒಟ್ಟಿಗೆ ತಲೆಯೆತ್ತಿದರು. ಕರೀನ್ ನನಗೆ ಇಂಗ್ಲಿಷಿನಲ್ಲಿ ಹೇಳಿದಳು: “ಭಾನುವಾರ ಯಾರು ತಳ್ಳುತ್ತಾರೆ ಎಂದು ಕೇಳುತ್ತಿದ್ದಾರೆ.”

“ನಾನು,” ಎಂದಳು ಪಮ್ಮಿ.

ಕರೀನ್ ಹುಬ್ಬುಗಂಟಿಕ್ಕಿದಳು. “ಪ್ರಮೀಳಾ, ಭಾನುವಾರ ನಿನಗೆ ರಜೆ.”

“ಗೊತ್ತು. ಅದಕ್ಕೇ,” ಎಂದು ಪಮ್ಮಿ ಬಗ್ಗಿ ಗುನ್ನಾರ್ ಕುರ್ಚಿಯ ಬ್ರೇಕು ಬಿಟ್ಟಳು.